ವಾಟದ ಮನೆಯ ಬಂಡಿ

"ಬುದ್ಧೀ, ಮನೇಲಿ ನೂಲು ಹಿಡಿದಂಗೆ ನೇರವಾಗಿ ಬೆಳೆದ ಮಗು ಹೊಸ್ತಿಲು ದಾಟಿದ ಕೂಡ್ಲೆ ಯಾಕೆ ಡೊಂಕಾಗುತ್ತೆ? ತಪ್ಪು ಮಗೂದಾ, ಹೊರಗಿನೋರ್ದಾ?"

ಹೀಗೆ ಕೇಳಿದವನು ಷಡಕ್ಷರಪ್ಪ. ಮಠದ ಹಳೆಯ ಶಿಷ್ಯ, ಅಕ್ಕಿ ಗಿರಣಿಯ ಮಾಲೀಕ. ಗುರುಗಳು ದಾಸೋಹದ ಪಡಸಾಲೆಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ನಾವೂ ನಾಲ್ಕಾರು ಜನ ಸುತ್ತ ಕುಳಿತು ಕೈ ಹಚ್ಚಿದ್ದೆವು. ಷಡಕ್ಷರಪ್ಪನ ಹಿಂದೆ ಕಂಬಕ್ಕೆ ಒರಗಿ ಅವನ ಮಗಳು ದಾಕ್ಷಾಯಿಣಿ ಕುಳಿತಿದ್ದಳು. ನರ್ಸಿಂಗ್ ಓದಲು ನಗರದ ಹಾಸ್ಟೆಲಿಗೆ ಹೋಗಿದ್ದ ಹುಡುಗಿ, ಓದು ಅರ್ಧಕ್ಕೆ ಬಿಟ್ಟು ಪೆಟ್ಟಿಗೆ ಸಮೇತ ಹಿಂದಿರುಗಿದ್ದಳು.

"ಮಗು ಯಾವುದು?" ಎಂದು ಗುರುಗಳು ಕೇಳಿದರು.

"ಇವಳೇ ಬುದ್ಧಿ. ಅಲ್ಲಿ ಏನು ಕೇಳಿದ್ರೂ ಉತ್ತರ ಕೊಡಲ್ವಂತೆ. ರೋಗಿ ನೀರು ಕೇಳಿದ್ರೆ, ಕೊಡ್ಲಾ ಬೇಡ್ವಾ ಅಂತ ಯಾರನ್ನಾದ್ರೂ ಕೇಳೋಕೆ ಹೋಗ್ತಾಳಂತೆ. ಮಂಕು ಅಂತ ಹೆಸರಿಟ್ಟವ್ರೆ. ಇನ್ನು ಅಲ್ಲಿಗೆ ಹೋಗಲ್ಲ ಅಂತಾಳೆ. ನಮ್ಮನೇಲಿ ಹಿಂಗಿರ್ಲಿಲ್ಲ ಬುದ್ಧಿ. ಕೂರು ಅಂದ್ರೆ ಕೂರೋಳು, ಏಳು ಅಂದ್ರೆ ಏಳೋಳು. ಒಂದು ದಿನ ಎದುರು ಮಾತಾಡಿದೋಳಲ್ಲ. ಆ ಕಾಲೇಜೇ ಸರಿಯಿಲ್ಲ. ತಾವು ಒಂದು ನಿಂಬೆಹಣ್ಣು ಮಂತ್ರಿಸಿಕೊಟ್ಟು ಎರಡು ಮಾತು ಬುದ್ಧಿ ಹೇಳಿ. ನಾಳೆ ಬಸ್ಸು ಹತ್ತಿಸಿಬಿಡ್ತೀನಿ. ಊರೋರು ಆಡ್ಕೊಳ್ಳೋ ಮೊದ್ಲು ಮುಗಿದುಹೋಗ್ಲಿ."

ಗುರುಗಳು ಹುಡುಗಿಯ ಕಡೆ ತಿರುಗಿದರು. "ಊಟ ಮಾಡಿದೆಯಾ ತಾಯಿ?"

"ಆಯ್ತು ಬುದ್ಧಿ," ಎಂದ ಷಡಕ್ಷರಪ್ಪ.

"ನಿನಗೆ ಆ ಓದು ಇಷ್ಟವೇನು ತಾಯಿ?"

"ಇಷ್ಟ ಇಲ್ದೆ ಏನು ಬುದ್ಧಿ, ಓದ್ತಾಳೆ," ಎಂದ ಷಡಕ್ಷರಪ್ಪ.

ನಮ್ಮ ಗುರುಗಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದು ಬಂದಾಗ ಕೂಗುವುದಿಲ್ಲ, ಕತೆ ಹೇಳುತ್ತಾರೆ. ಹೊಸಬರು ಕತೆ ಬಂತೆಂದು ಸಂತೋಷಪಡುತ್ತಾರೆ. ನಾವು ಹಳಬರು ತಲೆ ತಗ್ಗಿಸಿ ಕೂರುತ್ತೇವೆ. ಗುರುಗಳು ಒಂದು ರಾಶಿ ಕಾಳನ್ನು ಷಡಕ್ಷರಪ್ಪನ ಮುಂದೆ ತಳ್ಳಿದರು.

"ಹಿದುಕು. ಕೈಗೆ ಕೆಲಸ ಕೊಟ್ಟರೆ ಬಾಯಿಗೆ ಸ್ವಲ್ಪ ಬಿಡುವು ಸಿಗುತ್ತದೆ."

ಆಮೇಲೆ ಹೇಳತೊಡಗಿದರು.

ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವನ ಕತೆಯಾದರೆ ಎಲ್ಲರಿಗೂ ಹಿತವಾಗಿರುತ್ತದೆ. ಇದು ನಮ್ಮ ಮಾತಲ್ಲ ಎಂದು ಕೊಡವಿಕೊಂಡು ಎದ್ದು ಹೋಗಬಹುದು. ಇವನು ತೂಕದಲ್ಲಿ ಮೋಸ ಮಾಡಿದವನಲ್ಲ. ಹೆಂಡತಿ ಮಗಳ ಮೇಲೆ ಕೈ ಎತ್ತಿದವನಲ್ಲ. ಹಬ್ಬಕ್ಕೆ ಅವರು ಕೇಳುವ ಮೊದಲೇ ಸೀರೆ ತರುತ್ತಿದ್ದ. ಬಣ್ಣ ಮಾತ್ರ ತಾನೇ ಆರಿಸುತ್ತಿದ್ದ.

ಅವನು ಹೊಸ ಮನೆ ಕಟ್ಟಿಸಿದ. ವಾಸ್ತು ನೋಡುವವನೊಬ್ಬ ಬಂದು, ಮನೆಯೊಳಗೆ ಚೆಲ್ಲಿದ ನೀರು ಈಶಾನ್ಯಕ್ಕೆ ಹರಿಯಬೇಕು, ಹರಿದರೆ ಐಶ್ವರ್ಯ ಎಂದ. ವ್ಯಾಪಾರಿ ಗಾರೆಯವನ ತಲೆಯ ಮೇಲೆ ಕುಳಿತು ನಡುಮನೆಯ ನೆಲಕ್ಕೆ ಈಶಾನ್ಯದ ಕಡೆ ವಾಟ ಕೊಡಿಸಿದ. ನೀರು ಹರಿದುಹೋಗಲೆಂದು ನೆಲವನ್ನು ಕಣ್ಣಿಗೆ ಕಾಣದಷ್ಟು ಇಳಿಜಾರು ಮಾಡುತ್ತಾರಲ್ಲ, ಅದೇ ವಾಟ. ಗಾರೆಯವನು ಇಷ್ಟು ಸಾಕು ಎಂದ. ಇವನು ಕೇಳಲಿಲ್ಲ, ಇನ್ನಷ್ಟು ಇಳಿಸು ಎಂದ. ಐಶ್ವರ್ಯ ಇನ್ನಷ್ಟು ಬಂದರೆ ಯಾರಿಗೆ ಬೇಡ? ಈಶಾನ್ಯದ ಮೂಲೆಯಲ್ಲಿ ನೀರು ಹೊರಹೋಗಲು ಒಂದು ತೂತು ಇಟ್ಟರು. ಗೃಹಪ್ರವೇಶಕ್ಕೆ ಬಂದವರ ಮುಂದೆಲ್ಲ ವ್ಯಾಪಾರಿ ತಾನೇ ಚೊಂಬು ಹಿಡಿದು ನಡುಮನೆಯಲ್ಲಿ ನೀರು ಸುರಿದ. ನೀರು ಓಡಿಹೋಗಿ ಮೂಲೆ ಸೇರಿತು.

"ನಮ್ಮನೇಲಿ ಒಂದು ಹನಿ ನೀರು ನಿಲ್ಲಲ್ಲ," ಎಂದ. ಬಂದವರು ತಲೆದೂಗಿದರು.

ಷಡಕ್ಷರಪ್ಪ, ಈ ಚೊಂಬನ್ನು ನೆನಪಿಟ್ಟುಕೋ. ಅವನು ಮರೆತ, ನೀನು ಮರೆಯಬೇಡ.

ಅವನಿಗೆ ಒಬ್ಬಳೇ ಮಗಳು. ಹತ್ತನೇ ತರಗತಿಯಲ್ಲಿದ್ದಳು. ಅದು ಮುಗಿದ ಮೇಲೆ ಪಾಲಿಟೆಕ್ನಿಕ್ಕಿಗೆ ಸೇರಿ ಯಂತ್ರವಿದ್ಯೆ ಕಲಿಯಬೇಕೆಂದು ಆಸೆ. ಅಪ್ಪನಿಗೆ ಹೇಳಲು ಹೆದರಿಕೆ. ಅವಳ ಸೋದರಮಾವ ಊರಿಗೆ ಬಂದವನು ಒಂದು ರೋಬೋಟ್ ಕಿಟ್ ತಂದುಕೊಟ್ಟ.

ರೋಬೋಟ್ ಎಂದರೆ ಕೈಕಾಲು ಬೀಸಿ ಮಾತಾಡುವ ಗೊಂಬೆ ಎಂದುಕೊಳ್ಳಬೇಡಿ. ನಮ್ಮ ಶಾಲೆಯ ಮಕ್ಕಳು ತಂದು ತೋರಿಸಿದ್ದಾರೆ, ನಾನು ನೋಡಿದ್ದೇನೆ. ಊಟದ ತಟ್ಟೆಯಷ್ಟು ಅಗಲದ ಒಂದು ಹಲಗೆ. ಹಿಂದೆ ಎರಡು ಚಕ್ರ, ಚಕ್ರಕ್ಕೊಂದು ಪುಟ್ಟ ಮೋಟಾರು. ಮುಂದೆ ಗೋಲಿಯಂಥ ಒಂದು ಉರುಳುಗುಂಡು. ಎದುರಿಗೆ ಗೋಡೆ ಬಂದರೆ ತಿಳಿದು ನಿಲ್ಲಲು ಎರಡು ಕಣ್ಣಿನಂಥ ಒಂದು ಸಾಧನ. ಹಲಗೆಯ ಮೇಲೆ ತಂತಿ, ಬ್ಯಾಟರಿ, ಮತ್ತೆ ಎರಡು ಸಣ್ಣ ತಿರುಪು. ಒಂದು ತಿರುಪು ಎಡಚಕ್ರದ ವೇಗಕ್ಕೆ, ಇನ್ನೊಂದು ಬಲಚಕ್ರದ ವೇಗಕ್ಕೆ. ಎಲ್ಲವೂ ಬಿಡಿಬಿಡಿಯಾಗಿ ಡಬ್ಬಿಯಲ್ಲಿರುತ್ತವೆ. ಜೋಡಿಸುವುದು ನಮ್ಮ ಕೆಲಸ. ಆ ಮನೆಯಲ್ಲಿ ಅದನ್ನು ಬಂಡಿ ಎಂದೇ ಕರೆದರು. ನಾನೂ ಹಾಗೇ ಕರೆಯುತ್ತೇನೆ.

ಆ ವರ್ಷ ಜಿಲ್ಲೆಯಲ್ಲಿ ಇಂಥ ಬಂಡಿಗಳ ಸ್ಪರ್ಧೆ ಇತ್ತು. ನಿಯಮ ಸುಲಭ. ನೆಲದ ಮೇಲೆ ಎರಡು ಬಿಳಿ ಗೆರೆ ಎಳೆದಿರುತ್ತಾರೆ. ಬಂಡಿ ಆ ಗೆರೆಗಳ ನಡುವೆ ಹೊರಟು, ಗೆರೆ ಮುಟ್ಟದೆ ಕೊನೆಯವರೆಗೆ ಹೋಗಿ, ಗೋಡೆಯ ಮುಂದೆ ತಾನಾಗಿ ನಿಲ್ಲಬೇಕು. ಹುಡುಗಿ ಧೈರ್ಯ ಮಾಡಿ ಅಪ್ಪನ ಮುಂದೆ ಆಸೆ ಹೇಳಿಕೊಂಡಳು. ಅಪ್ಪ ನಕ್ಕ.

"ಗೆದ್ದು ಬಾ, ಪಾಲಿಟೆಕ್ನಿಕ್ಕಿಗೆ ಸೇರಿಸ್ತೀನಿ. ಗೆಲ್ಲದಿದ್ರೆ ಓದು ಸಾಕು. ಅಂಗಡೀಲಿ ಕೂತು ಕೊಬ್ಬರಿ ವಿಂಗಡಿಸು."

ಆ ಕೂಸಿನ ಇಡೀ ಬಾಳನ್ನು ಊಟದ ತಟ್ಟೆಯಷ್ಟು ಅಗಲದ ಹಲಗೆಯ ಮೇಲೆ ಇಟ್ಟುಬಿಟ್ಟ. ಇಟ್ಟು ಮೀಸೆ ಒರೆಸಿಕೊಂಡು ಅಂಗಡಿಗೆ ಹೋದ.

ಅವಳು ಸಂಜೆ ಸಂಜೆ ಶಾಲೆಯಲ್ಲೇ ಉಳಿದು ಬಂಡಿ ಜೋಡಿಸಿದಳು. ಮೊದಲ ಸಲ ಅದು ನಿಂತಲ್ಲೇ ಗಿರಗಿರನೆ ಸುತ್ತಿತು. ಒಂದು ಮೋಟಾರಿನ ತಂತಿ ಹಿಂದುಮುಂದಾಗಿತ್ತು, ಸರಿಮಾಡಿದಳು. ಆಮೇಲೆ ಹೊರಟಿತು, ಆದರೆ ಪಕ್ಕಕ್ಕೆ ಎಳೆಯಿತು. ಒಂದೇ ಡಬ್ಬಿಯಲ್ಲಿ ಬಂದ ಮೋಟಾರುಗಳು ಒಂದೇ ವೇಗದಲ್ಲಿ ಓಡುವುದಿಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಓಡುತ್ತಾರೆಯೇ? ನಾವಾಗಿದ್ದರೆ ಆಗಲೇ ಬಂಡಿಯನ್ನು ಬೈದು ತಿರುಪಿಗೆ ಕೈ ಹಾಕುತ್ತಿದ್ದೆವು. ಅವಳು ಹಾಗೆ ಮಾಡಲಿಲ್ಲ. ಮೊದಲು ನೆಲದ ಮೇಲೆ ಒಂದು ಗೋಲಿ ಇಟ್ಟಳು. ಗೋಲಿ ಇಟ್ಟಲ್ಲೇ ನಿಂತಿತು. ನೆಲ ಮಟ್ಟವಾಗಿದೆ, ಹಾಗಾದರೆ ಎಳೆತ ಬಂಡಿಯದೇ ಎಂದು ತಿಳಿದ ಮೇಲೆ ತಿರುಪನ್ನು ಎಳ್ಳಿನಷ್ಟು ತಿರುಗಿಸಿದಳು. ಬಿಟ್ಟು ನೋಡಿದಳು. ಮತ್ತೆ ಎಳ್ಳಿನಷ್ಟು ತಿರುಗಿಸಿದಳು. ಕೊನೆಗೊಂದು ಸಂಜೆ ಬಂಡಿ ದಾರ ಕಟ್ಟಿ ಎಳೆದಂತೆ ನೇರ ಹೋಗಿ ಗೋಡೆಯ ಮುಂದೆ ನಿಂತಿತು. ನೋಡಲು ಅಲ್ಲಿ ಯಾರೂ ಇರಲಿಲ್ಲ. ಅವಳೊಬ್ಬಳೇ ಚಪ್ಪಾಳೆ ತಟ್ಟಿಕೊಂಡಳು.

ಸ್ಪರ್ಧೆಗೆ ಹೋಗುವ ಮೊದಲು ಮನೆಯಲ್ಲಿ ತೋರಿಸು ಎಂದ ಅಪ್ಪ. ಪಕ್ಕದ ಮನೆಯವರನ್ನು, ತನ್ನ ಅಕ್ಕ ಭಾವನನ್ನು ಕರೆದ. ಹಿತ್ತಲ ಬಾಗಿಲ ಹತ್ತಿರ ಬಂಡಿ ಇಡಬೇಕು, ಅದು ನಡುಮನೆ ದಾಟಿ ಮುಂಬಾಗಿಲ ಹೊಸ್ತಿಲು ತಲುಪಬೇಕು. ಹುಡುಗಿ ಬಂಡಿ ಇಟ್ಟು ಗುಂಡಿ ಒತ್ತಿದಳು. ಬಂಡಿ ಹೊರಟಿತು. ಹೊರಟದ್ದು ಮೆಲ್ಲಗೆ ಎಡಕ್ಕೆ ವಾಲಿತು, ಇನ್ನಷ್ಟು ವಾಲಿತು, ಸೀದಾ ಈಶಾನ್ಯದ ಮೂಲೆಗೆ ಹೋಗಿ ಆ ತೂತಿನ ಮುಂದೆ ನಿಂತಿತು.

ಎಲ್ಲರೂ ನಕ್ಕರು. ಅಪ್ಪನ ಮುಖ ಕೆಂಪಾಯಿತು. "ಇದೇನಾ ನೀನು ಸಂಜೆಗಟ್ಟಲೆ ಕೂತು ಮಾಡಿದ್ದು?" ಎಂದ.

"ಅಪ್ಪಾ, ಬಂಡಿ ಸರಿಯಿದೆ. ನಮ್ಮ ನೆಲ ಓರೆ."

ಹುಡುಗಿಯ ಅತ್ತೆ ತಕ್ಷಣ ಗಾದೆ ಬಿಟ್ಟಳು. "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ!"

ಮತ್ತೆ ಎಲ್ಲರೂ ನಕ್ಕರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತೀರಿ. ಆ ದಿನ ಆ ಮನೆಯಲ್ಲಿ ಗಾದೆ ಸುಳ್ಳಾಗಿತ್ತು. ಕುಣಿಯುವವಳು ಸರಿಯಾಗಿಯೇ ಕುಣಿದಿದ್ದಳು, ನೆಲ ನಿಜವಾಗಿ ಡೊಂಕಾಗಿತ್ತು. ಆದರೆ ಗಾದೆ ಕೈಯಲ್ಲಿದ್ದರೆ ಕಣ್ಣು ಬಿಟ್ಟು ನೋಡುವ ಶ್ರಮ ಯಾರಿಗೆ ಬೇಕು?

ಇಲ್ಲಿ ಷಡಕ್ಷರಪ್ಪ ಬಾಯಿ ಹಾಕಿದ. "ಪಾಪ, ಅಪ್ಪನಿಗೆ ಅದೆಲ್ಲ ಗೊತ್ತಾಗ್ಬೇಕಲ್ಲ ಬುದ್ಧಿ."

"ಗೊತ್ತಾಗಬೇಕೇ?" ಗುರುಗಳ ಕೈಯಲ್ಲಿದ್ದ ಕಾಳು ಸಿಡಿದು ಅಷ್ಟು ದೂರ ಬಿತ್ತು. "ಗಾರೆಯವನು ಬೇಡವೆಂದರೂ ಬಿಡದೆ ವಾಟ ಕೊಡಿಸಿದವನು ಯಾರು? ಚೊಂಬು ಹಿಡಿದು ನೀರು ಸುರಿದು ಊರಿಗೆಲ್ಲ ತೋರಿಸಿದವನು ಯಾರು, ನಾನೋ? ತಾನೇ ನಿಂತು ಓರೆ ಮಾಡಿಸಿದ ನೆಲ. ನೀರು ಹರಿದಾಗ ಅದು ಐಶ್ವರ್ಯ, ಮಗಳ ಬಂಡಿ ಹರಿದಾಗ ಅದು ಮಗಳ ತಪ್ಪು. ಪಾಪವಂತೆ ಪಾಪ! ಹಿದುಕು, ಸುಮ್ಮನೆ ಹಿದುಕು."

ಷಡಕ್ಷರಪ್ಪ ತಲೆ ಬಗ್ಗಿಸಿ ಹಿದುಕಿದ. ಗುರುಗಳು ಮುಂದುವರಿಸಿದರು.

ಹುಡುಗಿ ವಾದ ಮಾಡಲಿಲ್ಲ. ಒಳಗೆ ಹೋಗಿ ಅದೇ ಚೊಂಬಿನಲ್ಲಿ ನೀರು ತಂದಳು. ಹಿತ್ತಲ ಬಾಗಿಲ ಹತ್ತಿರ, ಬಂಡಿ ಹೊರಟ ಜಾಗದಲ್ಲೇ, ಎಲ್ಲರ ಕಣ್ಣೆದುರು ಸುರಿದಳು. ನೀರು ನಡುಮನೆಯನ್ನು ಅಡ್ಡ ಹಾಯ್ದು, ಬಂಡಿ ಹೋದ ಕಡೆಗೇ ಓಡಿ, ಮೂಲೆಯಲ್ಲಿ ನಿಂತಿದ್ದ ಬಂಡಿಯ ಚಕ್ರ ತೋಯಿಸಿ ತೂತಿನೊಳಕ್ಕೆ ಇಳಿಯಿತು.

ಆಗ ಕಂಬದ ಹತ್ತಿರ ಕಿಸಕ್ಕೆಂದು ಸದ್ದಾಯಿತು. ದಾಕ್ಷಾಯಿಣಿ ನಕ್ಕಿದ್ದಳು. ಅಪ್ಪ ತಿರುಗಿ ನೋಡಿದ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಗುರುಗಳು ಏನೂ ಆಗದವರಂತೆ ಹೇಳುತ್ತ ಹೋದರು.

ಇಷ್ಟು ಸ್ಪಷ್ಟವಾದ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಗುತ್ತದೆ? ಆದರೆ ಆ ನಡುಮನೆಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಗೃಹಪ್ರವೇಶದ ದಿನ ತಲೆದೂಗಿದವರೇ ಅಲ್ಲಿ ಕುಳಿತಿದ್ದರು, ಈಗ ಸೂರು ನೋಡಿದರು. ತಾಯಿ ಒಳಗಿನಿಂದ ಓಡಿಬಂದಳು. ಮಗಳ ಪರವಾಗಿ ಒಂದು ಮಾತು ಆಡುತ್ತಾಳೆ ಎಂದುಕೊಂಡಿರಾ? ಬಟ್ಟೆ ತಂದಿದ್ದಳು. ಮೊಣಕಾಲೂರಿ ಕುಳಿತು, ಹಿತ್ತಲ ಬಾಗಿಲಿನಿಂದ ಮೂಲೆಯವರೆಗೆ ಗಸಗಸನೆ ಒರೆಸಿದಳು. ಒರೆಸಿದ ಮೇಲೆ ಅಲ್ಲಿ ಏನೂ ನಡೆದೇ ಇರಲಿಲ್ಲ.

ಆಮೇಲೆ ಅಪ್ಪ ಹೇಳಿದ. "ನೀರು ಹರೀಲಿ ಅಂತ್ಲೇ ನಾನು ಕಟ್ಸಿರೋದು. ನಿನ್ನ ಬಂಡಿ ಮನೆಗೆ ಹೊಂದ್ಕೋಬೇಕು, ಬಂಡಿಗೋಸ್ಕರ ಮನೆ ಒಡೆಯೋಕಾಗುತ್ತಾ? ತಿರುಗಿಸು ಆ ತಿರುಪ್ನ. ಇಲ್ಲಿ ನೇರ ಹೋಗ್ಬೇಕು."

"ಇಲ್ಲಿಗೆ ಹೊಂದಿಸಿದ್ರೆ ಬೇರೆಲ್ಲೂ ನೇರ ಹೋಗಲ್ಲ ಅಪ್ಪಾ."

"ಬೇರೆಲ್ಲಿಗೆ ಹೋಗ್ಬೇಕು?"

ಆ ಮಾತು ಅವನ ಬಾಯಿಂದ ಬಂದಾಗ ಅದರಲ್ಲಿ ಸಿಟ್ಟಿರಲಿಲ್ಲ. ಪ್ರೀತಿಯಿಂದಲೇ ಕೇಳಿದ. ನನಗೆ ಮೈ ಉರಿಯುವುದು ಅಲ್ಲಿಯೇ. ಬೈದಿದ್ದರೆ ಹುಡುಗಿ ಎದುರು ನಿಲ್ಲುತ್ತಿದ್ದಳೋ ಏನೋ. ಪ್ರೀತಿಯಿಂದ ಕಟ್ಟಿದ ಹಗ್ಗವನ್ನು ಮಕ್ಕಳು ಹೇಗೆ ಬಿಚ್ಚಬೇಕು?

ಅವಳು ಕುಳಿತು ಬಲಗಡೆಯ ತಿರುಪನ್ನು ತಿರುಗಿಸಿದಳು. ನೆಲ ಎಡಕ್ಕೆ ಎಳೆಯುತ್ತಿತ್ತು, ಬಂಡಿ ಬಲಕ್ಕೆ ಎಳೆಯುವಂತೆ ಮಾಡಿದಳು. ಎರಡು ಡೊಂಕು ಸೇರಿ ಒಂದು ನೇರವಾಯಿತು. ಬಂಡಿ ನಡುಮನೆ ದಾಟಿ ಹೊಸ್ತಿಲ ಮುಂದೆ ಬಂದು ನಿಂತಿತು. ಎಲ್ಲರೂ ಶಭಾಷ್ ಎಂದರು. ಅಪ್ಪ ಹಿಗ್ಗಿದ, ಮಗಳ ಬೆನ್ನು ತಟ್ಟಿದ. "ನಾನು ಹೇಳಿದ್ಮೇಲೆ ಸರಿಹೋಯ್ತು ನೋಡಿ," ಎಂದು ಭಾವನಿಗೆ ಹೇಳಿದ.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಸ್ಪರ್ಧೆಯ ಹೊತ್ತಿಗೆ ಹುಡುಗಿ ಗುಟ್ಟಾಗಿ ತಿರುಪನ್ನು ಮೊದಲಿನಂತೆ ತಿರುಗಿಸಿಕೊಳ್ಳುತ್ತಿದ್ದಳು. ಆದರೆ ಸರಿಮಾಡಿದ್ದನ್ನು ಮತ್ತೆ ಯಾರೂ ಕೆಡಿಸಬಾರದಲ್ಲ? ಕೊಬ್ಬರಿಯ ಮಾದರಿ ಚೀಲಗಳಿಗೆ ಮುದ್ರೆ ಹಾಕಲು ಅವನ ಅಂಗಡಿಯಲ್ಲಿ ಅರಗು ಇರುತ್ತಿತ್ತು. ತಂದು ಕಾಯಿಸಿ, ಎರಡೂ ತಿರುಪುಗಳ ಮೇಲೆ ಒಂದೊಂದು ತೊಟ್ಟು ಬಿಟ್ಟ. ಅರಗು ಗಟ್ಟಿಯಾಯಿತು. ಬಂಡಿಯನ್ನು ಎತ್ತಿ ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದ.

ಮೋಸಗಾರ ಹೀಗೆ ಮಾಡುತ್ತಾನೆಯೇ? ಇಲ್ಲ. ಮೋಸಗಾರನಿಗೆ ತಾನು ಮಾಡಿದ್ದು ಗೊತ್ತಿರುತ್ತದೆ.

ಸ್ಪರ್ಧೆಗೆ ಅವನೇ ಮಗಳನ್ನು ಕರೆದುಕೊಂಡು ಹೋದ. ಬಂಡಿಯನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದ. ದೊಡ್ಡ ಸಭಾಂಗಣ. ನೆಲದ ಮೇಲೆ ಬಿಳಿ ಗೆರೆ. ತೀರ್ಪು ಕೊಡಲು ಕಾಲೇಜಿನ ಮೇಡಂ ಒಬ್ಬರು ಬಂದಿದ್ದರು. ಸೀಟಿ ಊದುವವರೆಗೆ ಯಾರು ಏನು ಬೇಕಾದರೂ ಸರಿಪಡಿಸಿಕೊಳ್ಳಬಹುದು ಎಂದು ಅವರು ಹೇಳಿದರು. ಹುಡುಗಿ ತನ್ನ ಸರದಿ ಬಂದಾಗ ಗೋಲಿ ತೆಗೆದು ನೆಲದ ಮೇಲೆ ಇಟ್ಟಳು. ಇಟ್ಟಲ್ಲೇ ನಿಂತಿತು.

"ಅಪ್ಪಾ, ಇಲ್ಲಿ ನೆಲ ಮಟ್ಟ ಇದೆ. ಅರಗು ಕೀಳ್ಬೇಕು."

"ಮುಟ್ಟಬೇಡ. ನೇರ ಹೋಗೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

"ಅದು ನಮ್ಮನೇಲಿ ಅಪ್ಪಾ."

"ನಮ್ಮನೇಲಿ ಸರಿಯಿದ್ದದ್ದು ಎಲ್ಲಾ ಕಡೆ ಸರಿನೇ. ಇಡು ಕೆಳಗೆ."

ಸುತ್ತ ಜನ ನೋಡುತ್ತಿದ್ದರು. ಆಗ ಅವಳು ಕೂಗಬೇಕಿತ್ತು, ಕಿತ್ತಾಡಬೇಕಿತ್ತು, ಆ ಮೇಡಂ ಹತ್ತಿರ ಓಡಿಹೋಗಬೇಕಿತ್ತು ಎಂದು ನೀವು ಹೇಳಬಹುದು. ಎದುರು ಮಾತಾಡದಿರುವುದೇ ಒಳ್ಳೆಯ ಗುಣ ಎಂದು ಹುಟ್ಟಿದಾಗಿನಿಂದ ಕಲಿಸಿ, ಬೇಕಾದ ಹೊತ್ತಿಗೆ ಮಾತು ಎಲ್ಲಿಂದ ತರಬೇಕು? ಅವಳಿಗೂ ಒಂದು ತಿರುಪಿತ್ತು, ಅದರ ಮೇಲೂ ಅರಗು ಬಿದ್ದಿತ್ತು. ಬಂಡಿಯನ್ನು ಕೆಳಗಿಟ್ಟಳು. ಸೀಟಿ ಊದಿದರು. ಬಂಡಿ ಹೊರಟು, ಬಲಕ್ಕೆ ತಿರುಗಿ, ಗೆರೆ ದಾಟಿ, ಮೇಡಂ ಕುಳಿತಿದ್ದ ಮೇಜಿನ ಕೆಳಗೆ ಹೋಗಿ ನಿಂತಿತು.

ವ್ಯಾಪಾರಿ ಬೆಂಕಿಯಾದ. "ನಿಮ್ಮ ನೆಲ ಡೊಂಕು!" ಎಂದು ಕೂಗಿದ. ಮನೆಯಲ್ಲಿ ಸುಳ್ಳಾಗಿದ್ದ ಗಾದೆ ಇಲ್ಲಿ ನಿಜವಾಯಿತು, ಹೇಳಲು ಅವನ ಅಕ್ಕ ಮಾತ್ರ ಇರಲಿಲ್ಲ. "ನಮ್ಮನೇಲಿ ಇದು ದಾರದ ಹಾಗೆ ಹೋಗಿದೆ. ನಾಲ್ಕು ಜನ ಸಾಕ್ಷಿ ಇದ್ದಾರೆ. ನನ್ನ ಮಗಳಿಗೆ ಅನ್ಯಾಯ ಮಾಡ್ತಿದ್ದೀರಿ!"

ನನ್ನ ಮಗಳಿಗೆ ಅನ್ಯಾಯ. ಕೇಳಿದಿರಾ? ಮಗಳ ಮೇಲಿನ ಮಮತೆ ಎಷ್ಟು!

ಆ ಮೇಡಂ ವಾದಕ್ಕೆ ನಿಲ್ಲಲಿಲ್ಲ. ತಮ್ಮ ಕುಡಿಯುವ ನೀರಿನ ಬಾಟಲಿ ತಂದು, ಎರಡು ಗೆರೆಗಳ ನಡುವೆ, ಬಂಡಿ ಹೊರಟ ಜಾಗದಲ್ಲಿ ಸ್ವಲ್ಪ ನೀರು ಸುರಿದರು. ನೀರು ಎಲ್ಲಿಗೂ ಹೋಗಲಿಲ್ಲ. ಕಾವಲಿಯ ಮೇಲಿನ ದೋಸೆಯಂತೆ ದುಂಡಗೆ ಹರಡಿ ಅಲ್ಲೇ ನಿಂತಿತು. ತನ್ನ ಮನೆಯಲ್ಲಿ ಒಂದು ದಿನವೂ ನಿಂತ ನೀರು ನೋಡದವನು ಆ ನೀರನ್ನು ನೋಡುತ್ತ ನಿಂತ. ಮಗಳು ಅಪ್ಪನ ಮುಖ ನೋಡುತ್ತ ನಿಂತಳು.

ಗುರುಗಳು ಅಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡರು. ಷಡಕ್ಷರಪ್ಪನಿಗೆ ತಡೆಯಲಾಗಲಿಲ್ಲ.

"ಆಮೇಲೆ? ಮಗಳ ಹತ್ರ ತಪ್ಪಾಯ್ತು ಅಂದನಾ ಬುದ್ಧಿ?"

"ಇಲ್ಲ. ಒರೆಸುವ ಬಟ್ಟೆ ಕೇಳಿದ."

ಯಾರೋ ನಕ್ಕರು.

ಹೌದು, ಬಟ್ಟೆ ಕೇಳಿದ. ಯಾರಾದರೂ ಜಾರಿ ಬಿದ್ದಾರು, ಒಂದು ಬಟ್ಟೆ ಕೊಡಿ ಎಂದ. ಯಾರೂ ಕೊಡಲಿಲ್ಲ. ತಾನೇ ಹುಡುಕಿಕೊಂಡು ಹಿಂದಿನ ಕೋಣೆಗೆ ಹೋದ. ಅವನು ಅತ್ತ ಹೋದ ಮೇಲೆ ಹುಡುಗಿ ಮೇಜಿನ ಕೆಳಗಿನಿಂದ ಬಂಡಿಯನ್ನು ಎತ್ತಿಕೊಂಡಳು. ತಲೆಯಿಂದ ಒಂದು ಪಿನ್ನು ತೆಗೆದು ಅರಗನ್ನು ಕೆರೆದು ಉದುರಿಸಿದಳು. ಅದರಿಂದಲೇ ತಿರುಪನ್ನು ತಿರುಗಿಸಿದಳು, ಎಷ್ಟು ಎಂದು ಅವಳ ಬೆರಳಿಗೆ ಗೊತ್ತಿತ್ತು. ನೀರಿನ ಹಿಂದೆ ಬಂಡಿ ಇಟ್ಟು ಗುಂಡಿ ಒತ್ತಿದಳು. ಯಾರನ್ನೂ ಕೇಳಲಿಲ್ಲ. ಬಂಡಿ ನೀರನ್ನು ತುಳಿದುಕೊಂಡು ಹೊರಟು, ಗೆರೆಗಳ ನಡುವೆ ನೇರವಾಗಿ ಹೋಗಿ, ಗೋಡೆಯ ಮುಂದೆ ನಿಂತಿತು. ಹಿಂದೆ ನೆಲದ ಮೇಲೆ ಎರಡು ಒದ್ದೆ ಗೆರೆ ಬಿದ್ದಿದ್ದವು, ನೂಲು ಹಿಡಿದು ಎಳೆದಂತೆ ನೇರ. ಸಭಾಂಗಣದವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಸೀಟಿ ಊದಿ ಆಗಿತ್ತು, ಸರದಿ ಮುಗಿದಿತ್ತು. ಬಹುಮಾನ ಬೇರೆಯವರಿಗೆ ಹೋಯಿತು.

ವ್ಯಾಪಾರಿ ಬಟ್ಟೆ ಹಿಡಿದು ಬಂದ. ಚಪ್ಪಾಳೆ ಯಾಕೆಂದು ಅವನು ಕೇಳಲಿಲ್ಲ. ಬಗ್ಗಿ ನೀರನ್ನು ಒರೆಸಿದ. ಒರೆಸುತ್ತ ಒರೆಸುತ್ತ ಮುಂದೆ ಹೋಗಿ, ಗೋಡೆಯವರೆಗೆ ಇದ್ದ ಆ ಎರಡು ಒದ್ದೆ ಗೆರೆಗಳನ್ನೂ ಒರೆಸಿದ. ಮಗಳು ನೇರವಾಗಿ ಹೋಗಬಲ್ಲಳು ಎಂಬುದಕ್ಕೆ ಆ ಊರಿನಲ್ಲಿ ಅದೊಂದೇ ಗುರುತಿತ್ತು. ಅದನ್ನು ಹೆತ್ತ ಅಪ್ಪನೇ ಮೊಣಕಾಲೂರಿ ಕುಳಿತು ಚೊಕ್ಕಟ ಮಾಡಿದ.

ನಮಗೆ ಕಾಳು ಹಿದುಕುವುದು ಮರೆತೇಹೋಗಿತ್ತು.

"ಹುಡುಗಿ ಪಾಲಿಟೆಕ್ನಿಕ್ಕಿಗೆ...?" ಎಂದು ನಮ್ಮಲ್ಲೊಬ್ಬರು ಕೇಳಿದರು.

"ಹೇಳಿದೆನಲ್ಲ, ಅವನು ಕೆಟ್ಟವನಲ್ಲ, ಮಾತಿಗೆ ತಪ್ಪುವವನೂ ಅಲ್ಲ. ಗೆದ್ದರೆ ಓದು, ಸೋತರೆ ಕೊಬ್ಬರಿ. ಆ ವರ್ಷವೆಲ್ಲ ಅವಳು ಅಂಗಡಿಯಲ್ಲಿ ಕುಳಿತು ಕೊಬ್ಬರಿ ವಿಂಗಡಿಸಿದಳು. ಕತೆಗೆ ಸಿಹಿಯಾದ ಕೊನೆ ಬೇಕಿದ್ದರೆ ಬೇರೆ ಮಠಕ್ಕೆ ಹೋಗಿ, ನನ್ನ ಹತ್ತಿರ ಇಲ್ಲ. ತನ್ನ ಮನೆಯ ವಾಟ ಮರೆತವನೊಬ್ಬನಿಂದ ಒಂದು ಮಗುವಿನ ವರ್ಷ ಹೋಯಿತು. ಆ ವರ್ಷವನ್ನು ಯಾವ ದೇವರು ತಂದುಕೊಡುತ್ತಾನೆ?"

ಅಷ್ಟರಲ್ಲಿ ದಾಕ್ಷಾಯಿಣಿ ಕಂಬ ಬಿಟ್ಟು ಮುಂದೆ ಬಂದಿದ್ದಳು. ಬೇಸಿನ್ನಿನಿಂದ ಒಂದು ಬೊಗಸೆ ಕಾಳು ತೆಗೆದುಕೊಂಡು, ಯಾರನ್ನೂ ಕೇಳದೆ, ನಮ್ಮ ಸಾಲಿನಲ್ಲಿ ಕುಳಿತು ಹಿದುಕತೊಡಗಿದಳು. ಷಡಕ್ಷರಪ್ಪ ಅದನ್ನು ನೋಡಲಿಲ್ಲ. ಅವನು ಗುರುಗಳ ಮುಖವನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತು ಕೆಮ್ಮಿದ, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ.

"ಕತೆ ಬಾಳ ಚೆನ್ನಾಗಿತ್ತು ಬುದ್ಧಿ," ಎಂದ. "ಹಂಗೇ ಇವಳಿಗೆ ಆ ನಿಂಬೆಹಣ್ಣು ಒಂದು..."

ಗುರುಗಳು ಹುಡುಗಿಯ ಕೈಯನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು.

"ಷಡಕ್ಷರಪ್ಪ, ನೀನೂ ಒರೆಸುವ ಬಟ್ಟೆ ಕೇಳುವುದಕ್ಕೇ ಬಂದಿದ್ದೀಯ."